ನಾರಾಯಣಪುರದ ಒಂದು ಪಾಠ: ಅಂತರ್ಜಾಲದ ಬಹುಮಾಧ್ಯಮ ಸಾಧನಗಳೂ ಇತಿಹಾಸ ಬೋಧನೆಯೂ

ನಮ್ಮ ಕಾಲೇಜುಗಳಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ವಿದ್ಯಾರ್ಥಿಗಳು ಹರಪ್ಪದ ನಗರರಚನೆಯನ್ನೂ ಮೊಗಲರ ಕಂದಾಯ ವ್ಯವಸ್ಥೆಯನ್ನೂ ಕುರಿತು ನಾಲ್ಕು ಪುಟ ಬರೆಯಬಲ್ಲರು. ತಾವು ಹುಟ್ಟಿ ಬೆಳೆದ ನೆಲದ ಚರಿತ್ರೆಯನ್ನು ಕುರಿತು ಕೇಳಿದರೆ ನಾಲ್ಕು ವಾಕ್ಯ ಹೇಳುವುದೂ ಅವರಿಗೆ ಕಷ್ಟವಾಗುತ್ತದೆ. ಇದು ಅವರ ದೋಷವೆಂದು ಹೇಳಲಾಗದು. ಪಠ್ಯಪುಸ್ತಕವು ಇಡೀ ರಾಜ್ಯಕ್ಕೆ ಒಂದೇ ಆಗಿ ಸಿದ್ಧವಾಗತಕ್ಕದ್ದು. ಅದರಲ್ಲಿ ಒಂದೊಂದು ಊರಿಗೂ ಸ್ಥಳ ದೊರೆಯಲಾರದು. ಊರಿನ ಪಾಠವನ್ನು ಊರಿನ ಅಧ್ಯಾಪಕರೇ ಬರೆಯಬೇಕು. ಹಿಂದೆ ಹಾಗೆ ಬರೆದ ಪಾಠವನ್ನು ಅಚ್ಚುಹಾಕಿಸುವುದಕ್ಕೆ ಹಣ ಒದಗುತ್ತಿರಲಿಲ್ಲ. ಚಿತ್ರಗಳನ್ನೂ ನಕ್ಷೆಗಳನ್ನೂ ಸೇರಿಸುವುದಂತೂ ದೂರದ ಮಾತಾಗಿತ್ತು. ಈಗ ಅಂತರ್ಜಾಲದಲ್ಲಿ ದೊರೆಯುವ ಸಾಧನಗಳಿಂದ ಆ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗಿದೆ. ಅಕ್ಷರ, ಚಿತ್ರ, ಧ್ವನಿ, ಚಲಚ್ಚಿತ್ರ ಇವೆಲ್ಲವನ್ನೂ ಒಂದೆಡೆ ಜೋಡಿಸಿ, ಓದುವವರು ಅಲ್ಲಲ್ಲಿ ಮುಟ್ಟಿ, ಎಳೆದು, ಉತ್ತರಿಸಿ ಮುಂದುವರಿಯುವಂತೆ ಪಾಠವನ್ನು ರಚಿಸುವುದು ಸಾಮಾನ್ಯ ಅಧ್ಯಾಪಕರಿಗೂ ಸಾಧ್ಯವಾಗಿದೆ. ಇವುಗಳಿಗೆ ಸಂವಾದಾತ್ಮಕ ಬಹುಮಾಧ್ಯಮ ಸಾಧನಗಳೆಂದು ಹೆಸರು.

ಈ ಸಾಧನಗಳು ಇತಿಹಾಸದ ಪಾಠಕ್ಕೆ ಎಷ್ಟರಮಟ್ಟಿಗೆ ಒದಗುತ್ತವೆ, ಎಲ್ಲಿ ನಮ್ಮನ್ನು ದಾರಿತಪ್ಪಿಸುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ಕೇವಲ ಸಾಧನಗಳ ಗುಣಗಾನ ಮಾಡಿದರೆ ವಿಷಯ ಸ್ಪಷ್ಟವಾಗುವುದಿಲ್ಲ. ಆದುದರಿಂದ ನಾರಾಯಣಪುರವನ್ನು ಕುರಿತು ಪದವಿ ತರಗತಿಗಾಗಿ ನಾವು ಸಿದ್ಧಪಡಿಸುತ್ತಿರುವ ಒಂದು ಪಾಠವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ.

ನಾರಾಯಣಪುರವು ಯಾದಗಿರಿ ಜಿಲ್ಲೆಯಲ್ಲಿ, ಈಚೆಗೆ ಸುರಪುರದಿಂದ ಬೇರ್ಪಟ್ಟ ಹುಣಸಗಿ ತಾಲ್ಲೂಕಿನಲ್ಲಿ, ಕೃಷ್ಣಾನದಿಯ ದಡದ ಮೇಲಿದೆ. ಹೊರಗಿನವರಿಗೆ ಈ ಹೆಸರು ತಿಳಿದಿರುವುದು ಬಸವಸಾಗರ ಜಲಾಶಯದಿಂದ. ೧೯೮೨ರಲ್ಲಿ ಮುಗಿದ ಈ ಅಣೆಕಟ್ಟು ಸುಮಾರು ೨೯ ಮೀಟರು ಎತ್ತರವೂ ೧೦ ಕಿಲೋಮೀಟರಿಗಿಂತ ಹೆಚ್ಚು ಉದ್ದವೂ ಆಗಿದ್ದು, ೩೦ ಬಾಗಿಲುಗಳನ್ನು ಹೊಂದಿದೆ. ಆದರೆ ಒಂದು ದಿನದ ತಿರುಗಾಟದಲ್ಲಿ ನೋಡಿ ಬರಬಹುದಾದ ಸುತ್ತಿನ ನೆಲದಲ್ಲಿ ಇತಿಹಾಸದ ಎಷ್ಟು ಪದರಗಳಿವೆಯೆಂಬುದು ವಿಸ್ಮಯಕರವಾದದ್ದು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಡಾ॥ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧನೆ ನಡೆಸಿ ಹಳೆಯ ಶಿಲಾಯುಗದ ಅನೇಕ ನೆಲೆಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ ಇಸಾಂಪುರವು ಆದಿಮಾನವನು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಆಯುಧ ಮಾಡಿದ ಸ್ಥಳ. ಅಲ್ಲಿ ದೊರೆತ ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು ೧೨ ಲಕ್ಷ ವರ್ಷಗಳೆಂದು ಅಂದಾಜುಮಾಡಲಾಗಿದೆ. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವಿದೆ. ರಾಜನಕೋಳೂರಿನಲ್ಲಿ ಬೃಹತ್ ಶಿಲಾಸಮಾಧಿಗಳಿವೆ. ಸುರಪುರವು ನಾಯಕ ಅರಸರ ರಾಜಧಾನಿ. ಇಷ್ಟೆಲ್ಲವನ್ನೂ ಒಂದು ಪಾಠದೊಳಗೆ ತರಬೇಕೆಂದು ಹೊರಟಾಗಲೇ ಸಾಧನಗಳ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣಿಸಿಕೊಂಡವು.

ಸಾಧನಗಳ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಯಂತ್ರದ ಮೂಲಕ ಪಾಠ ಹೇಳುವ ಯತ್ನ ಹೊಸತಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ೧೯೬೦ರಲ್ಲಿಯೇ ‘ಪ್ಲೇಟೊ’ ಎಂಬ ವ್ಯವಸ್ಥೆ ಆರಂಭವಾಗಿತ್ತು. ವಿದ್ಯಾರ್ಥಿ ಉತ್ತರ ಕೊಟ್ಟಂತೆ ಯಂತ್ರವು ಮುಂದಿನ ಪ್ರಶ್ನೆಯನ್ನು ತೋರಿಸುತ್ತಿತ್ತು. ೧೯೮೭ರಲ್ಲಿ ಆಪಲ್ ಸಂಸ್ಥೆ ಹೊರತಂದ ‘ಹೈಪರ್‌ಕಾರ್ಡ್’ ಕಾರ್ಯಕ್ರಮ ರಚನೆಯನ್ನು ಅರಿಯದ ಅಧ್ಯಾಪಕರೂ ತಮ್ಮ ಪಾಠವನ್ನು ತಾವೇ ಹೆಣೆಯಬಹುದೆಂದು ತೋರಿಸಿತು. ಆಮೇಲೆ ಅಂತರ್ಜಾಲದ ಕಾಲದಲ್ಲಿ ‘ಫ್ಲ್ಯಾಶ್’ ಎಂಬುದು ಎರಡು ದಶಕಗಳಷ್ಟು ಕಾಲ ಮೆರೆಯಿತು. ಅದರ ಅವಸಾನವನ್ನು ಕುರಿತು ಮುಂದೆ ಹೇಳಬೇಕಾಗಿದೆ.

ಈಗ ಕಾಲೇಜು ಅಧ್ಯಾಪಕರ ಕೈಗೆ ಸುಲಭವಾಗಿ ಸಿಗುವಂಥದು ‘ಎಚ್‌ಫೈವ್‌ಪಿ’ ಎಂಬ ಮುಕ್ತ ತಂತ್ರಾಂಶ. ನಾರ್ವೆ ದೇಶದಲ್ಲಿ ೨೦೧೩ರ ಸುಮಾರಿನಲ್ಲಿ ಶಾಲಾಪಾಠಗಳಿಗಾಗಿ ಹುಟ್ಟಿದ ಇದು ಮೂಡಲ್, ವರ್ಡ್‌ಪ್ರೆಸ್ ಮೊದಲಾದ ವ್ಯವಸ್ಥೆಗಳೊಳಗೆ ಸೇರಿಕೊಂಡು ಕೆಲಸಮಾಡುತ್ತದೆ. ಇದರಲ್ಲಿ ಪಾಠದ ಅಚ್ಚುಗಳು ಹಲವು ಬಗೆಯವು ಇವೆ. ಚಿತ್ರದ ಮೇಲೆ ಗುರುತಿನ ಬಿಂದುಗಳನ್ನಿಟ್ಟು, ಮುಟ್ಟಿದರೆ ವಿವರ ತೆರೆಯುವಂತೆ ಮಾಡುವುದು ಒಂದು. ಒಂದೇ ಸ್ಥಳದ ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನಡುವಿನ ಗೆರೆಯನ್ನು ಸರಿಸುವುದು ಮತ್ತೊಂದು. ಚಲಚ್ಚಿತ್ರವನ್ನು ಮಧ್ಯದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದು, ಬಿಟ್ಟ ಸ್ಥಳ ತುಂಬಿಸುವುದು, ಪದಗಳನ್ನು ಎಳೆದು ಜಾಗಕ್ಕೆ ಸೇರಿಸುವುದು, ಘಟನೆಗಳನ್ನು ಕ್ರಮವಾಗಿ ಜೋಡಿಸುವುದು, ಕವಲೊಡೆಯುವ ದಾರಿಗಳಲ್ಲಿ ಒಂದನ್ನು ಆರಿಸಿ ನಡೆಯುವುದು, ಹೀಗೆ ಇನ್ನೂ ಉಂಟು. ಕೇಂದ್ರ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ‘ದೀಕ್ಷಾ’ ವೇದಿಕೆಯೂ ಈ ಬಗೆಯ ಕಡತಗಳನ್ನು ಸ್ವೀಕರಿಸುತ್ತದೆ. ಕನ್ನಡದಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ತಾಣದಲ್ಲಿ ಪ್ರೌಢಶಾಲಾ ಅಧ್ಯಾಪಕರು ಕೂಡಿ ಪಾಠಗಳನ್ನು ಬರೆಯುವ ಪದ್ಧತಿ ಈಗಾಗಲೇ ಬೆಳೆದಿದೆ. ಕಾಲೇಜಿನವರಾದ ನಾವು ಈ ವಿಷಯದಲ್ಲಿ ಅವರಿಗಿಂತ ಹಿಂದಿದ್ದೇವೆಂದು ಒಪ್ಪಲೇಬೇಕು.

ಈಗ ಪಾಠಕ್ಕೆ ಬರೋಣ. ಮೊದಲನೆಯ ಭಾಗದಲ್ಲಿ ನಾವು ಇಟ್ಟಿರುವುದು ಉಪಗ್ರಹದಿಂದ ತೆಗೆದ ಎರಡು ಚಿತ್ರಗಳು. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವು ೧೯೭೨ರ ಜುಲೈ ೨೩ರಂದು ಹಾರಿತು. ಆ ಸರಣಿಯ ಚಿತ್ರಗಳೆಲ್ಲವೂ ೨೦೦೮ರಿಂದ ಯಾರಿಗೆ ಬೇಕಾದರೂ ಬೆಲೆಯಿಲ್ಲದೆ ದೊರೆಯುತ್ತಿವೆ. ನಮ್ಮ ಅಣೆಕಟ್ಟು ಮುಗಿದದ್ದು ೧೯೮೨ರಲ್ಲಿ. ಅಂದರೆ ಕೃಷ್ಣೆಯು ಬರಿಯ ಹೊಳೆಯಾಗಿದ್ದಾಗಿನ ಚಿತ್ರವೂ, ಅದೇ ಸ್ಥಳದಲ್ಲಿ ಹಿನ್ನೀರು ಹರಡಿಕೊಂಡ ಮೇಲಿನ ಚಿತ್ರವೂ ಒಂದೇ ಭಂಡಾರದಲ್ಲಿವೆ. ಇವೆರಡನ್ನೂ ಗೆರೆ ಸರಿಸುವ ಅಚ್ಚಿನಲ್ಲಿ ಕೂಡಿಸಿದರೆ, ವಿದ್ಯಾರ್ಥಿಯು ಬೆರಳಿನಿಂದ ಗೆರೆಯನ್ನು ಎಳೆದಂತೆ ಸಣ್ಣ ಹೊಳೆಯ ಮೇಲೆ ಅಗಲವಾದ ನೀರು ಹರಿದು ಬರುತ್ತದೆ. ನಾಲೆಗಳ ನೀರು ಮುಟ್ಟಿದ ಹೊಲಗಳು ಬೆಳೆಯ ಬಣ್ಣ ತಾಳುತ್ತವೆ. ಈ ಬಗೆಯ ಚಿತ್ರಗಳಲ್ಲಿ ಪೈರು ಹಸಿರಾಗಿರದೆ ಕೆಂಪಾಗಿ ಕಾಣುವುದರಿಂದ ಅದನ್ನು ಮೊದಲೇ ತಿಳಿಸಬೇಕು. ಪುಸ್ತಕದಲ್ಲಿ ಎರಡು ಪುಟ ಬರೆದರೂ ಆಗದ ಕೆಲಸವನ್ನು ಇದು ಒಂದು ಕ್ಷಣದಲ್ಲಿ ಮಾಡುತ್ತದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಲ್ಲಿಯೇ ಎಚ್ಚರವೂ ಅವಶ್ಯ. ಮೊದಲನೆಯದಾಗಿ, ಎರಡು ಚಿತ್ರಗಳೂ ಒಂದೇ ತಿಂಗಳಿನವಾಗಿರಬೇಕು. ಬೇಸಗೆಯಲ್ಲಿ ತೆಗೆದ ಹಳೆಯ ಚಿತ್ರದ ಪಕ್ಕದಲ್ಲಿ ಮಳೆಗಾಲ ಮುಗಿದೊಡನೆ ತೆಗೆದ ಹೊಸ ಚಿತ್ರವನ್ನಿಟ್ಟರೆ ಋತುವಿನ ಭೇದವೆಲ್ಲವೂ ಅಣೆಕಟ್ಟಿನ ಖಾತೆಗೆ ಸೇರಿಬಿಡುತ್ತದೆ. ಎರಡನೆಯದು ಇನ್ನೂ ಗಹನವಾದದ್ದು. ಲ್ಯಾಂಡ್‌ಸ್ಯಾಟಿನ ಹಳೆಯ ಚಿತ್ರಗಳಲ್ಲಿ ಒಂದೊಂದು ಬಿಂದುವೂ ನೆಲದ ಮೇಲಿನ ಸುಮಾರು ೮೦ ಮೀಟರು ಅಗಲದ ಜಾಗಕ್ಕೆ ಸಮ. ಹೊಳೆ ಕಾಣುತ್ತದೆ, ಗುಡ್ಡ ಕಾಣುತ್ತದೆ. ಮೂವತ್ತು ನಲವತ್ತು ಮನೆಗಳ ಹಳ್ಳಿ ಕಾಣುವುದಿಲ್ಲ. ಹಳ್ಳಿಯ ಮಣ್ಣಿನ ಮಾಳಿಗೆಗಳೂ ಸುತ್ತಣ ಹೊಲದ ಮಣ್ಣೂ ಒಂದೇ ಬಣ್ಣವಾಗಿ ಬೆರೆತುಹೋಗುತ್ತವೆ. ಆ ಚಿತ್ರವನ್ನು ನೋಡಿದ ವಿದ್ಯಾರ್ಥಿಗಳು ನೀರು ಬಂದದ್ದು ಬಯಲಿನ ಮೇಲೆಂದು ಭಾವಿಸುತ್ತಾರೆ. ಮುಳುಗಡೆಯಾದ ಊರುಗಳೂ ಹೊಲಗಳೂ ಗುಡಿಗಳೂ ಅವರ ಕಲ್ಪನೆಗೆ ಬರುವುದೇ ಇಲ್ಲ. ಚಿತ್ರ ಸುಳ್ಳು ಹೇಳಿಲ್ಲ. ಆದರೆ ಗೆರೆ ಸರಿಸುವ ಆಟ ಎಷ್ಟು ಮೋಹಕವಾಗಿದೆಯೆಂದರೆ, ಕಾಣದಿರುವುದೇನು ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರುವುದಿಲ್ಲ.

ಇದಕ್ಕೆ ನಾವು ಕಂಡುಕೊಂಡ ಪರಿಹಾರವು ಮೂರನೆಯ ಚಿತ್ರವೊಂದನ್ನು ಸೇರಿಸುವುದು. ೧೯೫೦ರ ದಶಕದಲ್ಲಿ ಅಮೆರಿಕದ ಸೇನೆಯ ನಕ್ಷಾ ಇಲಾಖೆ ಭಾರತದ ನಕ್ಷೆಗಳನ್ನು ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ ಮುದ್ರಿಸಿತು. ಅವುಗಳನ್ನು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗ್ರಂಥಾಲಯವು ಅಂತರ್ಜಾಲದಲ್ಲಿ ಇಟ್ಟಿದೆ. ಅದರಲ್ಲಿ ಹಳ್ಳಿಗಳು ಹೆಸರುಸಹಿತ ಗುರುತಾಗಿವೆ. ಹಿನ್ನೀರಿನ ಅಂಚನ್ನು ಆ ನಕ್ಷೆಯ ಮೇಲೆ ಗೆರೆಯಾಗಿ ಬರೆದು, ಗೆರೆಯೊಳಗೆ ಬಂದ ಹೆಸರುಗಳನ್ನು ವಿದ್ಯಾರ್ಥಿಗಳೇ ಹುಡುಕಿ ಗುರುತಿಸುವಂತೆ ಅಭ್ಯಾಸವನ್ನು ರಚಿಸಿದೆವು. ಇಲ್ಲಿ ಬೆರಳಿಗೆ ಕೆಲಸ ಕೊಟ್ಟಿರುವುದು ಅಲಂಕಾರಕ್ಕಾಗಿ ಅಲ್ಲ, ಆಧಾರವನ್ನು ತಡಕುವುದಕ್ಕಾಗಿ. ಈ ಎರಡಕ್ಕೂ ಇರುವ ಅಂತರವೇ ನಮ್ಮ ಮುಖ್ಯ ಪ್ರತಿಪಾದನೆ. ಮುಟ್ಟಿದರೆ ಬಣ್ಣ ಬದಲಾಗುವ, ಚಪ್ಪಾಳೆಯ ಸದ್ದು ಬರುವ ಪಾಠಗಳು ಬೇಕಾದಷ್ಟಿವೆ. ಇತಿಹಾಸದ ಪಾಠದಲ್ಲಿ ಪ್ರತಿಯೊಂದು ಸ್ಪರ್ಶವೂ ವಿದ್ಯಾರ್ಥಿಯನ್ನು ಯಾವುದಾದರೊಂದು ಆಧಾರದ ಸಮೀಪಕ್ಕೆ ಒಯ್ಯಬೇಕು.

ಇದೇ ನಿಯಮವನ್ನು ಇಸಾಂಪುರದ ಕಲ್ಲಿನ ಆಯುಧಗಳಿಗೆ ಅನ್ವಯಿಸಿ ನೋಡಬಹುದು. ಒಂದು ಕೈಗೊಡಲಿಯ ಚಿತ್ರವನ್ನಿಟ್ಟು, ಐದು ಬಿಂದುಗಳನ್ನು ಗುರುತಿಸಿ, ಮುಟ್ಟಿದರೆ ‘ಇದು ಅಂಚು’, ‘ಇದು ಹಿಡಿ’ ಎಂದು ಬರುವಂತೆ ಮಾಡುವುದು ಸುಲಭ. ಆದರೆ ಅದು ಪುಸ್ತಕದ ಚಿತ್ರಕ್ಕೆ ಹಾಕಿದ ಬಾಣದ ಗುರುತುಗಳಿಗಿಂತ ಯಾವ ವಿಧದಲ್ಲಿಯೂ ಹೆಚ್ಚಲ್ಲ. ಅದರ ಬದಲು ಎರಡು ಕಲ್ಲುಗಳ ಚಿತ್ರಗಳನ್ನಿಟ್ಟು, ಮನುಷ್ಯನು ಒಡೆದದ್ದು ಯಾವುದು, ಹಳ್ಳದ ನೀರಿನಲ್ಲಿ ಉರುಳಿ ಒಡೆದದ್ದು ಯಾವುದು ಎಂದು ಕೇಳಿ, ಏಟು ಬಿದ್ದ ಜಾಗವನ್ನು ವಿದ್ಯಾರ್ಥಿಯೇ ಮುಟ್ಟಿ ತೋರಿಸುವಂತೆ ಮಾಡಿದರೆ ಅಲ್ಲಿ ಪುರಾತತ್ವ ಶಾಸ್ತ್ರದ ಮೊದಲ ಪಾಠ ಆರಂಭವಾಗುತ್ತದೆ. ಚಿತ್ರದಲ್ಲಿ ಅಳತೆಪಟ್ಟಿ ಇರಲೇಬೇಕು. ಅಂಗೈಯಷ್ಟು ಕಲ್ಲೋ ತಲೆಯಷ್ಟು ಕಲ್ಲೋ ತಿಳಿಯದಿದ್ದರೆ ಆಯುಧದ ವಿಚಾರ ಹೇಳಿ ಪ್ರಯೋಜನವಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಪ್ರತಿಮಾಡಿ, ಸವೆದ ಅಕ್ಷರವೂ ತೆರೆಯ ಮೇಲೆ ಓದಲು ಬರುವಂತೆ ಮಾಡುತ್ತಿದ್ದಾರೆ. ಕಲ್ಲನ್ನು ತಿರುಗಿಸಿ ಬೆಳಕನ್ನು ಓರೆಯಾಗಿ ಬೀಳಿಸಿ ಓದುವ ಅನುಭವವನ್ನು ವಿದ್ಯಾರ್ಥಿಗೆ ಕೊಡಬಲ್ಲ ಇಂತಹ ಕಾರ್ಯವು ನಮ್ಮ ಭಾಗದ ನೆಲೆಗಳಿಗೂ ಬಂದರೆ ಬಹಳ ಉಪಕಾರವಾದೀತು.

ಚಿತ್ರಗಳನ್ನು ಎಲ್ಲಿಂದ ತರಬೇಕೆಂಬುದು ಇಲ್ಲಿ ಏಳುವ ಪ್ರಶ್ನೆ. ತರಗತಿಯಲ್ಲಿ ಬೋಧಿಸುವ ಸಂದರ್ಭದಲ್ಲಿ ಅಧ್ಯಾಪಕರು ಕೃತಿಗಳಿಂದ ಪ್ರತಿಮಾಡಿಕೊಳ್ಳುವುದಕ್ಕೆ ೧೯೫೭ರ ಹಕ್ಕುಸ್ವಾಮ್ಯ ಕಾಯಿದೆಯ ೫೨ನೆಯ ಪ್ರಕರಣದಲ್ಲಿ ಅವಕಾಶವಿದೆ. ಆದರೆ ಅದೇ ಚಿತ್ರವನ್ನು ಲೋಕವೆಲ್ಲ ನೋಡುವ ತಾಣದಲ್ಲಿ ಇಡುವುದು ಬೇರೆಯ ಮಾತು. ಉತ್ಖನನದ ವರದಿಗಳಿಂದ ಚಿತ್ರ ತೆಗೆದು ಹಾಕುವುದಕ್ಕಿಂತ ವಿದ್ಯಾರ್ಥಿಗಳನ್ನು ಕರೆದೊಯ್ದು ಸ್ಥಳದಲ್ಲಿಯೇ ಛಾಯಾಚಿತ್ರ ತೆಗೆಯಿಸುವುದು ಮೇಲು. ಕಲ್ಲನ್ನು ಮಾತ್ರ ಎತ್ತಿ ತರಬಾರದು. ಬಿದ್ದ ಸ್ಥಳದಿಂದ ಅಗಲಿದ ಆಯುಧಕ್ಕೆ ಆಮೇಲೆ ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಕಾಲರೇಖೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಇಸಾಂಪುರದ ೧೨ ಲಕ್ಷ ವರ್ಷ, ಬೂದಿಹಾಳದ ಸುಮಾರು ನಾಲ್ಕು ಸಾವಿರ ವರ್ಷ, ೧೮೫೮ರ ಸುರಪುರದ ಬಂಡಾಯ, ೧೮೬೦ರಲ್ಲಿ ಸಂಸ್ಥಾನವು ನಿಜಾಮನ ವಶವಾದದ್ದು, ೧೯೪೮ರ ಸೆಪ್ಟೆಂಬರಿನ ಹೈದರಾಬಾದು ವಿಮೋಚನೆ, ೧೯೫೬ರ ನವೆಂಬರು ೧ರ ಏಕೀಕರಣ, ೧೯೬೪ರ ಮೇ ೨೨ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಇಟ್ಟ ಶಂಕುಸ್ಥಾಪನೆಯ ಕಲ್ಲು, ೧೯೮೨ರ ಬಸವಸಾಗರ, ೨೦೦೯ರ ಡಿಸೆಂಬರು ೩೦ರ ಯಾದಗಿರಿ ಜಿಲ್ಲೆ, ಇವನ್ನೆಲ್ಲ ಸಾಧನಕ್ಕೆ ಕೊಟ್ಟರೆ ಅದು ಸಮಾನ ಅಂತರದ ಕಾರ್ಡುಗಳಾಗಿ ಸಾಲಾಗಿ ಜೋಡಿಸುತ್ತದೆ. ನೋಡುವುದಕ್ಕೆ ಅಂದ. ಆದರೆ ೧೨ ಲಕ್ಷ ವರ್ಷಗಳನ್ನು ಒಂದು ಮೀಟರು ಉದ್ದದ ಗೆರೆಯಾಗಿ ಬರೆದರೆ, ವೆಂಕಟಪ್ಪನಾಯಕನ ಬಂಡಾಯದಿಂದ ಇಂದಿನವರೆಗಿನ ಕಾಲವು ಒಂದು ಮಿಲಿಮೀಟರಿನ ಏಳನೆಯ ಒಂದು ಭಾಗದಷ್ಟಾಗುತ್ತದೆ. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಮಾಡಿಸುವುದೇ ಲೇಸೆಂದು ನಮಗೆ ತೋರಿದೆ. ಎಲ್ಲ ಕೆಲಸಕ್ಕೂ ಹೊಸ ಸಾಧನವೇ ಬೇಕೆಂದು ಹಟ ಹಿಡಿಯಬೇಕಾಗಿಲ್ಲ.

ನಮ್ಮ ಪಾಠದಲ್ಲಿ ಅತ್ಯಂತ ಕ್ಲಿಷ್ಟವಾದದ್ದು ೧೮೫೮ರ ಭಾಗ. ಸುರಪುರದ ರಾಜಾ ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ೧೮೪೧ರಲ್ಲಿ ಬಂದ ಮೆಡೋಸ್ ಟೇಲರನು ಹನ್ನೆರಡು ವರ್ಷಗಳಷ್ಟು ಕಾಲ ಅಲ್ಲಿದ್ದನು. ರಾಜನಕೋಳೂರು ಮೊದಲಾದ ಕಡೆಗಳ ಶಿಲಾಸಮಾಧಿಗಳನ್ನು ಮೊದಲಿಗೆ ಪರಿಶೀಲಿಸಿ ವಿದ್ವತ್ಪತ್ರಿಕೆಗೆ ಬರೆದವನೂ ಅವನೇ. ೧೮೫೮ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯ ಸುರಪುರದ ಮೇಲೆ ನಡೆದುಬಂದಿತು, ರಾಜನು ಸೆರೆಯಾದನು. ಅವನಿಗೆ ವಿಧಿಸಿದ ಮರಣದಂಡನೆಯನ್ನು ಕಡಮೆಮಾಡಿ ಸೆರೆವಾಸಕ್ಕೆ ಕಳುಹಿಸುತ್ತಿದ್ದಾಗ, ದಾರಿಯಲ್ಲಿ ಅವನು ಗುಂಡಿನಿಂದ ಮೃತನಾದನು. ಜೊತೆಯಲ್ಲಿದ್ದ ಅಧಿಕಾರಿಯ ಪಿಸ್ತೂಲಿನಿಂದ ರಾಜನು ತಾನೇ ಹೊಡೆದುಕೊಂಡನೆಂದು ಟೇಲರನ ಆತ್ಮಕಥೆ ಹೇಳುತ್ತದೆ. ಆ ಗ್ರಂಥ ಪ್ರಕಟವಾದದ್ದು ೧೮೭೭ರಲ್ಲಿ. ಮರಣದ ಸಮಯದಲ್ಲಿ ಟೇಲರನು ಅಲ್ಲಿರಲಿಲ್ಲ. ಅವನು ಬರೆದದ್ದು ಇತರರಿಂದ ತಿಳಿದ ವಿಷಯ. ಅವನಿಗೆ ರಾಜನ ಮೇಲೆ ಮಮತೆಯಿತ್ತು, ಸರ್ಕಾರದ ಸೇವೆಯಲ್ಲಿಯೂ ಇದ್ದನು. ಇತ್ತ ಸುರಪುರದ ಜನರ ನೆನಪಿನಲ್ಲಿ ವೆಂಕಟಪ್ಪನಾಯಕನು ಬ್ರಿಟಿಷರೊಡನೆ ಹೋರಾಡಿ ಪ್ರಾಣ ತೆತ್ತ ವೀರ. ಟೇಲರನ ವೃತ್ತಾಂತವನ್ನು ಒಪ್ಪದ ಮಾತುಗಳೂ ಉಂಟು.

ಈ ಘಟನೆಯನ್ನು ಸಾಧನಕ್ಕೆ ಕೊಡುವುದು ಹೇಗೆ? ‘ರಾಜನ ಮರಣ ಹೇಗಾಯಿತು?’ ಎಂದು ಪ್ರಶ್ನಿಸಿ ನಾಲ್ಕು ಉತ್ತರಗಳನ್ನು ಬರೆದರೆ, ಅವುಗಳಲ್ಲಿ ಒಂದನ್ನು ‘ಸರಿ’ ಎಂದು ಗುರುತಿಸದ ಹೊರತು ಯಂತ್ರವು ಅಂಕ ಕೊಡಲಾರದು. ಟೇಲರನ ಮಾತನ್ನು ಗುರುತಿಸಿದರೆ ಆಳುವವರ ಸಾಕ್ಷ್ಯವೇ ಸತ್ಯವೆಂದು ಕಲಿಸಿದಂತಾಯಿತು. ಅದನ್ನು ತಪ್ಪೆಂದರೆ ಆಧಾರವಿಲ್ಲದೆ ತೀರ್ಪುಕೊಟ್ಟಂತಾಯಿತು. ಹಸಿರು ಗುರುತು ಬಿದ್ದೊಡನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ವಿಷಯ ಮುಗಿದುಹೋಗುತ್ತದೆ. ವಾಸ್ತವವಾಗಿ ಇತಿಹಾಸದ ವಿಚಾರಣೆ ಆರಂಭವಾಗುವುದೇ ಅಲ್ಲಿಂದ. ಆದುದರಿಂದ ಪ್ರಶ್ನೆಯನ್ನೇ ಬದಲಾಯಿಸಬೇಕಾಯಿತು. ಈ ಸಾಕ್ಷಿ ಸ್ಥಳದಲ್ಲಿದ್ದನೇ? ಎಷ್ಟು ವರ್ಷಗಳ ಮೇಲೆ ಬರೆದನು? ಯಾರಿಗಾಗಿ ಬರೆದನು? ಇವುಗಳಿಗೆ ನಿಶ್ಚಿತವಾದ ಉತ್ತರಗಳಿವೆ, ಯಂತ್ರವು ಪರೀಕ್ಷಿಸಬಹುದು. ‘ನಿಮ್ಮ ಅಭಿಪ್ರಾಯವೇನು, ಯಾವ ಆಧಾರದ ಮೇಲೆ?’ ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಅಂಕವಿಲ್ಲ. ವಿದ್ಯಾರ್ಥಿಗಳು ಅಲ್ಲಿಯೇ ಬರೆದು ಕಡತವಾಗಿ ಇಳಿಸಿಕೊಂಡು ತರುತ್ತಾರೆ, ಅಧ್ಯಾಪಕರು ಓದುತ್ತಾರೆ. ಕೆಲವು ಸಾಧನಗಳು ಪ್ರಬಂಧವನ್ನು ಕೂಡ ಮುಖ್ಯಪದಗಳನ್ನು ಎಣಿಸಿ ತಾವೇ ಬೆಲೆಗಟ್ಟುತ್ತವೆ. ಅದನ್ನು ನಾವು ಬಳಸಿಲ್ಲ. ಬಳಸಬಾರದೆಂದೇ ನಮ್ಮ ಮತ. ‘ಟೇಲರ್’, ‘ಪಿಸ್ತೂಲು’, ‘ಸಾಕ್ಷ್ಯ’ ಎಂಬ ಮೂರು ಪದಗಳನ್ನು ಹೇಗೆ ಜೋಡಿಸಿದರೂ ಅಂಕ ಸಿಗುವ ಪರೀಕ್ಷೆಯಿಂದ ಯಾರಿಗೇನು ಲಾಭ?

ಕನ್ನಡದಲ್ಲಿ ಈ ಸಾಧನಗಳನ್ನು ಬಳಸುವವರು ತಿಳಿದಿರಬೇಕಾದ ಕೆಲವು ಸಂಗತಿಗಳುಂಟು. ಇವನ್ನು ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳು ಹೇಳುವುದಿಲ್ಲ. ಬಿಟ್ಟ ಸ್ಥಳಕ್ಕೆ ಪದ ಎಳೆದು ತುಂಬಿಸುವ ಅಭ್ಯಾಸವನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಪದ ಬೇರೆ, ಸಂಬಂಧಸೂಚಕ ಬೇರೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯವು ಪದಕ್ಕೆ ಅಂಟಿಕೊಳ್ಳುತ್ತದೆ. ‘ಬೂದಿದಿಬ್ಬವಿರುವುದು ........ದಲ್ಲಿ’ ಎಂದು ಬರೆದು ಬೂದಿಹಾಳ, ಹುಣಸಗಿ, ರಾಜನಕೋಳೂರು ಎಂಬ ಮೂರು ಪದಗಳನ್ನು ಕೊಟ್ಟರೆ ಇತಿಹಾಸ ಅರಿಯದವರೂ ಸರಿಯಾದ ಉತ್ತರ ಕೊಡುತ್ತಾರೆ. ಹುಣಸಗಿಗೆ ‘ಯಲ್ಲಿ’ ಬರಬೇಕು, ಕೋಳೂರಿಗೆ ‘ಇನಲ್ಲಿ’ ಬರಬೇಕು. ‘ದಲ್ಲಿ’ ಹೊಂದುವುದು ಬೂದಿಹಾಳಕ್ಕೆ ಒಂದಕ್ಕೇ. ನಾವು ಪರೀಕ್ಷಿಸಿದ್ದು ಇತಿಹಾಸವನ್ನಲ್ಲ, ಸಪ್ತಮೀ ವಿಭಕ್ತಿಯನ್ನು! ಪ್ರತ್ಯಯವನ್ನು ಪದದೊಡನೆಯೇ ಇಟ್ಟು ‘ಬೂದಿಹಾಳದಲ್ಲಿ’, ‘ಹುಣಸಗಿಯಲ್ಲಿ’ ಎಂದು ಪೂರ್ಣರೂಪಗಳನ್ನು ಕೊಡಬೇಕು, ಇಲ್ಲವೆ ಒಂದೇ ಬಗೆಯ ಪ್ರತ್ಯಯ ಹತ್ತುವ ಹೆಸರುಗಳನ್ನೇ ಆರಿಸಬೇಕು.

ವಿದ್ಯಾರ್ಥಿಗಳೇ ಉತ್ತರವನ್ನು ಬೆರಳಚ್ಚು ಮಾಡುವ ಅಭ್ಯಾಸದಲ್ಲಿ ತೊಡಕು ಬೇರೆ ಬಗೆಯದು. ನಮ್ಮ ಭಾಗದ ಸ್ಥಳನಾಮಗಳಿಗೆ ಒಂದೇ ಕಾಗುಣಿತವಿಲ್ಲ. ಬಸ್ಸಿನ ಫಲಕದಲ್ಲಿ ನಾರಾಯಣಪೂರ, ಪುಸ್ತಕದಲ್ಲಿ ನಾರಾಯಣಪುರ, ಸುರಪುರವೇ ಶೋರಾಪುರ, ಯಾದಗಿರಿಯೇ ಯಾದಗೀರ. ಸರಿಯುತ್ತರದ ಜಾಗದಲ್ಲಿ ಓರೆಗೆರೆಯಿಂದ ಬೇರ್ಪಡಿಸಿ ಎಲ್ಲ ರೂಪಗಳನ್ನೂ ಬರೆದಿಡಲು ಎಚ್‌ಫೈವ್‌ಪಿಯಲ್ಲಿ ಅವಕಾಶವಿದೆ. ಇದಕ್ಕಿಂತ ಸೂಕ್ಷ್ಮವಾದದ್ದು ಯೂನಿಕೋಡಿನ ವಿಷಯ. ‘ಕೋಳೂರು’ ಎಂಬಲ್ಲಿಯ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಭಾಗಗಳನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಭೇದ ಕಾಣದು. ‘ಟೇಲರ್’ ಎಂಬ ಪದದ ಕೊನೆಯಲ್ಲಿ ಕೆಲವು ಕೀಲಿಮಣೆಗಳು ಕಾಣದ ಸಂಕೇತವೊಂದನ್ನು ಸೇರಿಸುತ್ತವೆ. ಹೋಲಿಸುವ ತಂತ್ರಾಂಶವು ಈ ಭೇದಗಳನ್ನು ಸಮಗೊಳಿಸದಿದ್ದರೆ ಸರಿಯಾದ ಉತ್ತರಕ್ಕೆ ತಪ್ಪೆಂಬ ಗುರುತು ಬೀಳುತ್ತದೆ, ವಿದ್ಯಾರ್ಥಿಗೆ ಕಾರಣ ತಿಳಿಯದು. ಇನ್ನು ಹಳೆಯ ಅಕ್ಷರವಿನ್ಯಾಸದ ತಂತ್ರಾಂಶಗಳಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಹಾಗೆಯೇ ಅಂಟಿಸಿದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುವುದನ್ನು ನಮ್ಮ ಅಧ್ಯಾಪಕ ಮಿತ್ರರಲ್ಲಿ ಅನೇಕರು ಬಲ್ಲರು. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಮೇಲೆ ಫ್ಲ್ಯಾಶಿನ ಅವಸಾನದ ಮಾತು ಬಂದಿತ್ತು. ೧೯೯೬ರಲ್ಲಿ ಆರಂಭವಾದ ಆ ತಂತ್ರಾಂಶದಿಂದ ಲೋಕದಾದ್ಯಂತ ಅಸಂಖ್ಯಾತ ಪಾಠಗಳು ಸಿದ್ಧವಾದವು. ೨೦೨೦ರ ಡಿಸೆಂಬರು ೩೧ಕ್ಕೆ ಅಡೋಬಿ ಸಂಸ್ಥೆ ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ೨೦೨೧ರ ಜನವರಿ ೧೨ರಿಂದ ಆ ಪಾಠಗಳು ತೆರೆಯದಾದವು. ಇಂತಹುದೇ ಇನ್ನೊಂದು ನಿದರ್ಶನ ಇತಿಹಾಸಕಾರರಿಗೆ ಹೆಚ್ಚು ಬೋಧಪ್ರದವಾದದ್ದು. ಇಂಗ್ಲೆಂಡಿನ ದೊರೆ ವಿಲಿಯಮನು ೧೦೮೬ರಲ್ಲಿ ಮಾಡಿಸಿದ ‘ಡೂಮ್ಸ್‌ಡೇ’ ಭೂದಾಖಲೆಯ ೯೦೦ನೆಯ ವರ್ಷದ ಸ್ಮಾರಕವಾಗಿ ೧೯೮೬ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಶಾಲಾಮಕ್ಕಳಿಂದ ತಮ್ಮ ತಮ್ಮ ಊರಿನ ವಿವರಗಳನ್ನೂ ಚಿತ್ರಗಳನ್ನೂ ಸಂಗ್ರಹಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ನಾವು ನಾರಾಯಣಪುರದಲ್ಲಿ ಮಾಡಹೊರಟಿರುವ ಕೆಲಸವನ್ನೇ ಅವರು ಒಂದು ದೇಶದ ಪ್ರ್ರಮಾಣದಲ್ಲಿ ಮಾಡಿದರು. ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆಗಳನ್ನು ಓದುವ ಯಂತ್ರಗಳೇ ದುರ್ಲಭವಾದವು. ಬಹು ಶ್ರಮದಿಂದ ಅದರ ಒಂದು ಭಾಗವನ್ನು ೨೦೧೧ರಲ್ಲಿ ಅಂತರ್ಜಾಲಕ್ಕೆ ತರಬೇಕಾಯಿತು. ಚರ್ಮದ ಹಾಳೆಯ ಮೇಲೆ ಬರೆದ ೧೦೮೬ರ ಮೂಲಗ್ರಂಥವನ್ನು ಮಾತ್ರ ಇಂದಿಗೂ ಓದಬಹುದು.

ಆದುದರಿಂದ ಸಾಧನವನ್ನು ಆರಿಸುವಾಗ ಎಷ್ಟು ಸೊಗಸಾಗಿದೆ ಎಂಬುದಕ್ಕಿಂತ ಮೊದಲು, ಸಾಧನ ಇಲ್ಲವಾದ ದಿನ ಪಾಠ ಏನಾಗುತ್ತದೆ ಎಂದು ಕೇಳಬೇಕು. ಎಚ್‌ಫೈವ್‌ಪಿಯ ಕಡತವು ವಾಸ್ತವದಲ್ಲಿ ಸಾಮಾನ್ಯ ‘ಜಿಪ್’ ಗಂಟು. ಬಿಚ್ಚಿದರೆ ಚಿತ್ರಗಳು ಚಿತ್ರಗಳಾಗಿಯೂ, ಬರೆಹವು ಓದಬಹುದಾದ ಪಠ್ಯವಾಗಿಯೂ ಸಿಗುತ್ತವೆ. ನಾವು ಇದನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ಇದೇ. ಇನ್ನೊಂದು ಕಾರಣವೂ ಉಂಟು. ಒಂದೇ ಸಂಸ್ಥೆಯ ತಾಣದಲ್ಲಿ ಖಾತೆ ತೆರೆದು ಅಲ್ಲಿಯೇ ರಚಿಸಿ ಅಲ್ಲಿಯೇ ಇಡಬೇಕಾದ ಪಾಠವನ್ನು ಮುಂದಿನ ಅಧ್ಯಾಪಕರು ತಿದ್ದಲಾರರು. ವರ್ಗವಾಗಿ ಹೋದವರ ಗುಪ್ತಪದ ಅವರೊಡನೆಯೇ ಹೋಗುತ್ತದೆ. ‘ಲುಮಿ’ ಎಂಬ ಸಂಪಾದಕ ತಂತ್ರಾಂಶದಿಂದ ಇಂತಹ ಪಾಠವನ್ನು ಒಂದೇ ಪುಟದ ಕಡತವಾಗಿ ಹೊರತೆಗೆಯಬಹುದು. ಜಾಲಸಂಪರ್ಕವಿಲ್ಲದ ಮೊಬೈಲಿನಲ್ಲಿಯೂ ಅದು ತೆರೆಯುತ್ತದೆ. ನದೀತೀರದ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಇದು ಸಣ್ಣ ಅನುಕೂಲವಲ್ಲ. ಅಂತಹ ಕಡತದಲ್ಲಿ ಚಲಚ್ಚಿತ್ರವನ್ನು ತುಂಬಿದರೆ ಮಾತ್ರ ಗಾತ್ರ ಮಿತಿಮೀರುತ್ತದೆ. ಅಣೆಕಟ್ಟಿನ ಬಾಗಿಲುಗಳು ತೆರೆದು ನೀರು ಧುಮುಕುವ ದೃಶ್ಯ ಎಷ್ಟೇ ರಮಣೀಯವಾದರೂ ಪಾಠಕ್ಕೆ ಅದರಿಂದ ಆಗಬೇಕಾದದ್ದೇನೂ ಇಲ್ಲವೆಂದು ಬಿಟ್ಟುಬಿಟ್ಟಿದ್ದೇವೆ.

ಧ್ವನಿಯನ್ನು ಮಾತ್ರ ಬಿಡಲಾಗದು. ೧೯೮೨ರಲ್ಲಿ ಇಪ್ಪತ್ತೈದು ವರ್ಷದವರಾಗಿದ್ದು ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರು ಈಗ ಎಪ್ಪತ್ತರ ಹತ್ತಿರದಲ್ಲಿದ್ದಾರೆ. ಆಗ ಮನೆಯ ಯಜಮಾನರಾಗಿದ್ದವರಲ್ಲಿ ಬಹುಮಂದಿ ಇಂದಿಲ್ಲ. ಬೇರೆ ಭಾಗಗಳ ಪಾಠವನ್ನು ಮುಂದಿನ ವರ್ಷ ಬರೆದರೂ ನಡೆದೀತು. ಈ ಭಾಗಕ್ಕೆ ಆ ಸಾವಕಾಶವಿಲ್ಲ. ವಿದ್ಯಾರ್ಥಿಗಳು ತಮ್ಮ ಮನೆಯ ಮುತ್ಯಾನನ್ನೋ ಆಯಿಯನ್ನೋ ಕೂರಿಸಿಕೊಂಡು ಮೊಬೈಲಿನಲ್ಲಿ ಮುದ್ರಿಸಿದ ಐದು ನಿಮಿಷದ ಮಾತು ಯಾವ ಉಪಗ್ರಹದ ಚಿತ್ರವೂ ಕೊಡಲಾಗದ ಆಧಾರ. ಇದಕ್ಕೆ ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ಮುದ್ರಣವನ್ನು ಯಾರು ಕೇಳುವರು, ಎಲ್ಲಿ ಇಡಲಾಗುವುದು ಎಂಬುದನ್ನು ಹಿರಿಯರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಪರಿಹಾರದ ಹಣ, ಅಣ್ಣತಮ್ಮಂದಿರ ಪಾಲು ಮೊದಲಾದ ಮಾತು ಬಂದರೆ ಅದನ್ನು ತಾಣದಲ್ಲಿ ಹಾಕಬಾರದು. ಬರೆಹಕ್ಕೆ ಇಳಿಸುವಾಗ ಅವರು ‘ಮುಳುಗಡಿ’ ಎಂದದ್ದನ್ನು ‘ಮುಳುಗಡೆ’ ಎಂದು ತಿದ್ದಬಾರದು. ಮಾತನ್ನು ತಾನಾಗಿಯೇ ಅಕ್ಷರಕ್ಕೆ ಇಳಿಸುವ ಸಾಧನಗಳು ಗ್ರಂಥಭಾಷೆಯ ರೂಪಕ್ಕೆ ಒಗ್ಗಿಸುವ ಸಂಭವ ಇರುವುದರಿಂದ ಈ ಕೆಲಸವನ್ನು ಕೈಯಿಂದಲೇ ಮಾಡುವುದು ಕ್ಷೇಮ.

ನಕ್ಷೆಯ ಕೆಲಸವೊಂದು ಇನ್ನೂ ಅಪೂರ್ಣವಾಗಿದೆ. ಮೇಲೆ ಹೇಳಿದ ೧೯೫೦ರ ದಶಕದ ನಕ್ಷೆಯಲ್ಲಿ ಊರುಗಳ ಹೆಸರು ರೋಮನ್ ಲಿಪಿಯಲ್ಲಿದೆ. ಲಕಾರವೋ ಳಕಾರವೋ, ನಕಾರವೋ ಣಕಾರವೋ, ದಕಾರವೋ ಡಕಾರವೋ ಅದರಿಂದ ತಿಳಿಯದು. ಹ್ರಸ್ವ ದೀರ್ಘಗಳ ಸುಳಿವೂ ಇಲ್ಲ. ನೀರಿನೊಳಗೆ ಹೋದ ಹಳೆಯ ಊರಿಗೆ ಈಗ ಫಲಕವಿಲ್ಲ. ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬೇಕಾದರೆ ಅಲ್ಲಿ ಬಾಳಿದವರ ಬಾಯಿಂದ ಕೇಳಿಯೇ ಬರೆಯಬೇಕು. ನಕ್ಷೆಯ ಒಂದೊಂದು ಹೆಸರಿಗೂ ಒಂದೊಂದು ಧ್ವನಿಯನ್ನು ಜೋಡಿಸಿ, ಮುಟ್ಟಿದರೆ ಆ ಊರಿನವರೊಬ್ಬರು ತಮ್ಮ ಊರಿನ ಹೆಸರನ್ನು ಹೇಳುವುದು ಕೇಳಿಸುವಂತೆ ಮಾಡುವ ಕಾರ್ಯವನ್ನು ಈ ವರ್ಷದ ವಿದ್ಯಾರ್ಥಿಗಳು ಕೈಗೊಂಡಿದ್ದಾರೆ.